ಕಡಿಮೆ ಖರ್ಚಿನ ಸಿಎನ್‌ಸಿ ಮನೆಯಲ್ಲೇ ಕಟ್ಟುವುದು ಹೇಗೆ? ಕೊಡಗಿನ ಮಳೆಗಾಲದ ಲೆಕ್ಕವೂ ಸೇರಿ

"ಸಿಎನ್‌ಸಿ ಮೆಷಿನ್ ಮನೆಯಲ್ಲೇ ಮಾಡ್ಕೋಬಹುದಾ? ಎಷ್ಟಾಗುತ್ತೆ? ನಮ್ಮ ಮಳೆಗೆ ತಾಳುತ್ತಾ?" ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಎಲ್ಲಾ ಕಡೆಯಿಂದ ಈ ಮೂರು ಪ್ರಶ್ನೆ ಬರುತ್ತಲೇ ಇವೆ. ಕೇಳುವವರಲ್ಲಿ ಹೆಚ್ಚಿನವರಿಗೆ ತೋಟದ ಗೇಟಿಗೋ ಹೋಮ್‌ಸ್ಟೇ ಬಾಗಿಲಿಗೋ ಮರದ ಹೆಸರಿನ ಬೋರ್ಡು ಕೆತ್ತಬೇಕು. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಾಡಬಹುದು. 15ರಿಂದ 20 ಸಾವಿರ ರೂಪಾಯಿ ತೆಗೆದಿಟ್ಟುಕೊಳ್ಳಿ. ಮಳೆಗೆ ತಾಳುತ್ತದೋ ಇಲ್ಲವೋ ಅನ್ನುವುದು ನೀವು ಚೌಕಟ್ಟನ್ನು ಯಾವುದರಿಂದ, ಹೇಗೆ ಕಟ್ಟುತ್ತೀರಿ ಅನ್ನುವುದರ ಮೇಲಿದೆ.

ಸಿಎನ್‌ಸಿ ಅಂದರೆ ಕಂಪ್ಯೂಟರ್ ಹೇಳಿದ ದಾರಿಯಲ್ಲೇ ಕೊರೆಯುವ ಬಿಟ್ ಓಡಿಸುವ ಮೆಷಿನ್. ಎಡ-ಬಲ ಹೋಗುವುದು ಎಕ್ಸ್, ಹಿಂದೆ-ಮುಂದೆ ಹೋಗುವುದು ವೈ, ಮೇಲೆ-ಕೆಳಗೆ ಹೋಗುವುದು ಝಡ್. ಮೂರಕ್ಕೂ ಒಂದೊಂದು ಸ್ಟೆಪ್ಪರ್ ಮೋಟರ್. ಇದು ಸುಮ್ನೆ ಗಿರಗಿರ ತಿರುಗುವ ಮೋಟರ್ ಅಲ್ಲ, ಹೇಳಿದಷ್ಟೇ ಹೆಜ್ಜೆ ತಿರುಗಿ ನಿಲ್ಲುತ್ತದೆ. ಒಂದು ಸುತ್ತಿಗೆ 200 ಹೆಜ್ಜೆ.

ಹೊಸಬರು ಮೊದಲು ಎಲೆಕ್ಟ್ರಾನಿಕ್ಸ್ ತರಿಸುತ್ತಾರೆ, ಚೌಕಟ್ಟನ್ನು ಆಮೇಲೆ ಉಳಿದ ದುಡ್ಡಲ್ಲಿ ಮಾಡುತ್ತಾರೆ. ದಯವಿಟ್ಟು ಉಲ್ಟಾ ಮಾಡಿ. ಮೆಷಿನ್ ನಡೆಸುವ ಬೋರ್ಡು, ಮೋಟರ್‌ಗೆ ಕರೆಂಟ್ ಹಾಯಿಸುವ ಡ್ರೈವರು ಎಲ್ಲರ ಮೆಷಿನ್‌ನಲ್ಲೂ ಹೆಚ್ಚುಕಮ್ಮಿ ಅವೇ ಇರುತ್ತವೆ, ಸುಟ್ಟರೂ ಬದಲಾಯಿಸಬಹುದು. ಅಲುಗಾಡುವ ಚೌಕಟ್ಟಿಗೆ ಎಂಥ ದುಬಾರಿ ಬೋರ್ಡು ಹಾಕಿದರೂ ಅಕ್ಷರ ನೆಟ್ಟಗೆ ಬರುವುದಿಲ್ಲ.

ಹಂತ 1: ಅಳತೆ ತೀರ್ಮಾನಿಸಿ

ಮೊದಲ ಮೆಷಿನ್‌ಗೆ 300 × 200 ಮಿಮೀ ಕೆಲಸದ ಜಾಗ ಸಾಕು. "ಹೇಗೂ ಮಾಡ್ತಿದ್ದೀನಿ, ನಾಲ್ಕಡಿ ಮಾಡಿಬಿಡೋಣ" ಅನ್ನಿಸುತ್ತದೆ. ಬೇಡ. ಜಾರುವ ಭಾಗವನ್ನು, ಅಂದರೆ ಗಾಡಿಯನ್ನು, ಹೊರುವ ರಾಡಿನ ಉದ್ದ ಎರಡು ಪಟ್ಟಾದರೆ ಅದೇ ಭಾರಕ್ಕೆ ಬಾಗುವುದು ಎಂಟು ಪಟ್ಟಾಗುತ್ತದೆ. ಉದ್ದದ ಬೋರ್ಡು ಬೇಕಾದರೆ ಹಲಗೆಯನ್ನು ಸರಿಸಿ ಎರಡು ಭಾಗವಾಗಿ ಕೆತ್ತಬಹುದು.

ಎರಡು ಬಗೆಯ ಕಟ್ಟಣೆ ಇದೆ. ಒಂದರಲ್ಲಿ ಗ್ಯಾಂಟ್ರಿ, ಅಂದರೆ ಮೇಜಿನ ಮೇಲೆ ಅಡ್ಡಲಾಗಿ ನಿಲ್ಲುವ ಕಮಾನು, ಓಡಾಡುತ್ತದೆ. ಇನ್ನೊಂದರಲ್ಲಿ ಕಮಾನು ನಿಂತಲ್ಲೇ ಇರುತ್ತದೆ, ಕೆಳಗಿನ ಮೇಜು ಹಿಂದೆ-ಮುಂದೆ ಹೋಗುತ್ತದೆ. ಹೊಸಬರಿಗೆ ಎರಡನೆಯದೇ ಸರಿ. ಕಮಾನನ್ನು ಬುಡಕ್ಕೆ ಬಿಗಿಯಾಗಿ ಕೂರಿಸಬಹುದು, ವೈ ದಿಕ್ಕಿಗೆ ಒಂದೇ ಮೋಟರ್ ಸಾಕು.

ಹಂತ 2: ಸಾಮಾನು ತನ್ನಿ

- ಐಎಸ್ 710 ಗುರುತಿನ 18 ಮಿಮೀ ಮರೈನ್ ಪ್ಲೈವುಡ್.
- ಎಕ್ಸ್ ಮತ್ತು ವೈಗೆ ಕೆಳಗಡೆ ಪೂರ್ತಿ ಆಸರೆ ಇರುವ ಎಸ್‌ಬಿಆರ್ ರೈಲು, ಆಗದಿದ್ದರೆ 16 ಮಿಮೀ ರಾಡ್. ಝಡ್‌ಗೆ 12 ಮಿಮೀ ರಾಡ್ ಮತ್ತು ಬೇರಿಂಗ್.
- ಟಿ8 ಲೀಡ್ ಸ್ಕ್ರೂ ಮೂರು, ನಟ್ ಮತ್ತು ಮೋಟರ್‌ಗೆ ಸ್ಕ್ರೂ ಜೋಡಿಸುವ ಕಪ್ಲರ್ ಜೊತೆ. ಮೋಟರ್ ತಿರುಗಿದಾಗ ಗಾಡಿಯನ್ನು ಎಳೆಯುವ ಉದ್ದ ಸ್ಕ್ರೂ ಇದು.
- ನೆಮಾ 17 ಸ್ಟೆಪ್ಪರ್ ಮೋಟರ್ ಮೂರು.
- ಆರ್ಡುಯಿನೊ ಉನೊ (ಮೆಷಿನ್ ನಡೆಸುವ ಸಣ್ಣ ಬೋರ್ಡು), ಅದರ ಮೇಲೆ ಕೂರುವ ಸಿಎನ್‌ಸಿ ಶೀಲ್ಡ್ ವಿ3, ಎ4988 ಡ್ರೈವರ್ ನಾಲ್ಕು. ಮೂರು ಸಾಕು, ಆದರೆ ಒಂದು ಸುಡುತ್ತದೆ ಅಂತಲೇ ಲೆಕ್ಕ ಹಾಕಿ.
- 24 ವೋಲ್ಟ್ ಎಸ್‌ಎಂಪಿಎಸ್, ಅಂದರೆ ಮನೆಯ 230 ವೋಲ್ಟನ್ನು ಇಳಿಸಿ ಕೊಡುವ ಪವರ್ ಸಪ್ಲೈ. ಕೈಯಲ್ಲಿ ದುಡ್ಡಿದ್ದರೆ ಕೊರೆಯುವ ಮೋಟರ್‌ಗೆ ಬೇರೆಯೇ ಒಂದು.
- 24 ವೋಲ್ಟ್‌ನ 775 ಮೋಟರ್, ಬಿಟ್ ಹಿಡಿಯಲು ಇಆರ್11 ಕಾಲೆಟ್. ಇದೇ ನಿಮ್ಮ ಸ್ಪಿಂಡಲ್.
- ಲಿಮಿಟ್ ಸ್ವಿಚ್ ಮೂರು, ಎಮರ್ಜೆನ್ಸಿ ಬಟನ್, ಫ್ಯೂಸ್, ವೈರು, ಎರಡು-ಮೂರು ಬಿಟ್.
- ಮಲ್ಟಿಮೀಟರ್, ಮೂಲೆಮಟ್ಟ, ವರ್ನಿಯರ್ ಕ್ಯಾಲಿಪರ್.

ಪ್ಲೈವುಡ್, ನಟ್ಟು-ಬೋಲ್ಟು ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಸಿಗುತ್ತವೆ. ಉಳಿದದ್ದನ್ನು ಆನ್‌ಲೈನ್‌ನಲ್ಲಿ ತರಿಸಿ, ಇಲ್ಲವೇ ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಕೈಯಲ್ಲಿ ಹಿಡಿದು ನೋಡಿ ತನ್ನಿ. ರಾಡನ್ನಂತೂ ನೋಡಿಯೇ ತೆಗೆದುಕೊಳ್ಳಬೇಕು. ಅಂಗಡಿಯ ಗಾಜಿನ ಮೇಲೆ ಉರುಳಿಸಿ. ಗಾಜಿಗೂ ರಾಡಿಗೂ ನಡುವೆ ಬೆಳಕು ಕಂಡು ಮರೆಯಾಗುತ್ತಿದ್ದರೆ ಅದು ಬಾಗಿದೆ.

8 ಮಿಮೀ ರಾಡ್ ಅಗ್ಗ ಅಂತ ತರಬೇಡಿ. ದಪ್ಪದ ನಾಲ್ಕನೇ ಘಾತದ ಲೆಕ್ಕದಲ್ಲಿ ರಾಡಿನ ಬಿಗಿ ಹೆಚ್ಚುತ್ತದೆ. 8 ಮಿಮೀಗಿಂತ 12 ಮಿಮೀ ರಾಡ್ ಐದು ಪಟ್ಟು ಗಟ್ಟಿ, 16 ಮಿಮೀ ರಾಡ್ ಹದಿನಾರು ಪಟ್ಟು. ಕೊಡುವ ದುಡ್ಡು ಅಷ್ಟು ಪಟ್ಟು ಏರುವುದಿಲ್ಲ ಅಲ್ವಾ?

ಹಂತ 3: ಚೌಕಟ್ಟು

ಇಲ್ಲಿ ನಿಧಾನ ಮಾಡಿ. ಎರಡು ದಿನ ಹಿಡಿದರೂ ಪರವಾಗಿಲ್ಲ.

ನನ್ನ ಮೊದಲ ಮೆಷಿನ್ ಎಂಡಿಎಫ್‌ನದು. ಮಾರ್ಚಿನಲ್ಲಿ ಕಟ್ಟಿದಾಗ ಬೆರಳಲ್ಲಿ ತಳ್ಳಿದರೆ ಗಾಡಿ ಸರಾಗ ಜಾರುತ್ತಿತ್ತು. ಜುಲೈ ಹೊತ್ತಿಗೆ ಸ್ಕ್ರೂ ಹಾಕಿದ ಜಾಗವೆಲ್ಲ ಉಬ್ಬಿ, ಎಕ್ಸ್ ಗಾಡಿ ನಡುವಲ್ಲೇ ಸಿಕ್ಕಿಕೊಂಡಿತು. ಮರದ ಸಣ್ಣ ನಾರನ್ನು ಅಂಟಿನಲ್ಲಿ ಒತ್ತಿ ಮಾಡುವ ಹಲಗೆ ಎಂಡಿಎಫ್. ತೇವ ಕುಡಿದು ಒಮ್ಮೆ ಉಬ್ಬಿದರೆ ಒಣಗಿದ ಮೇಲೂ ಮೊದಲಿನಂತೆ ಆಗುವುದಿಲ್ಲ. ನಮ್ಮಲ್ಲಿ ತಿಂಗಳುಗಟ್ಟಲೆ ಬಿಸಿಲೇ ಕಾಣದೆ ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಚೌಕಟ್ಟಿಗೆ ಎಂಡಿಎಫ್ ಬೇಡವೇ ಬೇಡ.

ಹಾಗಂತ ತೋಟದಲ್ಲೇ ಕಡಿಸಿದ ಮರವೂ ಬೇಡ. ಗಟ್ಟಿ ಮರವೂ ಮಳೆಗಾಲದಲ್ಲಿ ಅಗಲವಾಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಪ್ಲೈವುಡ್‌ನಲ್ಲಿ ಪದರಗಳು ಒಂದಕ್ಕೊಂದು ಅಡ್ಡಡ್ಡ ಇರುವುದರಿಂದ ಈ ಕಾಟ ಕಡಿಮೆ. ಕಬ್ಬಿಣದ ಬಾಕ್ಸ್ ಪೈಪ್ ವೆಲ್ಡಿಂಗ್ ಮಾಡಿಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಗಟ್ಟಿಯೇನೋ ಹೌದು. ಆದರೆ ವೆಲ್ಡಿಂಗ್ ಬಿಸಿಗೆ ಪೈಪು ಎಳೆದುಕೊಳ್ಳುತ್ತದೆ, ರೈಲು ಕೂರುವ ಮುಖ ಸಮ ಉಳಿಯುವುದಿಲ್ಲ. ಮೊದಲ ಮೆಷಿನ್‌ಗೆ ಪ್ಲೈವುಡ್ಡೇ ಸುಲಭ.

ಬುಡಕ್ಕೂ ಕಮಾನಿಗೂ ಎರಡು ಹಲಗೆ ಅಂಟಿಸಿ 36 ಮಿಮೀ ದಪ್ಪ ಮಾಡಿ. ಕಮಾನಿನ ಎರಡು ಕಾಲಿಗೂ ಹಿಂದಿನಿಂದ ತ್ರಿಕೋನದ ಆಸರೆ ಕೊಡಿ. ಸ್ಕ್ರೂ ಮಾತ್ರ ನಂಬಬೇಡಿ, ಬೋಲ್ಟು ಆಚೆ ತನಕ ತೂರಿಸಿ, ಅಗಲ ವಾಷರ್ ಹಾಕಿ ನಟ್ಟು ಬಿಗಿಯಿರಿ.

ಮೂಲೆ ನೋಡುವುದು ಮನೆ ಕಟ್ಟುವ ಮೇಸ್ತ್ರಿ ಪಾಯ ಗುರುತು ಹಾಕುವ ರೀತಿಯಲ್ಲೇ. ಒಂದು ಬದಿ 300 ಮಿಮೀ, ಇನ್ನೊಂದು 400 ಮಿಮೀ ಗುರುತು ಹಾಕಿ. ಓರೆಯಾಗಿ ಅಳೆದರೆ ಸರಿಯಾಗಿ 500 ಬರಬೇಕು. ಆಮೇಲೆ ಪೂರ್ತಿ ಚೌಕಟ್ಟಿನ ಎರಡು ಓರೆ ಅಳತೆಯನ್ನೂ ಹೋಲಿಸಿ. ಅರ್ಧ ಮಿಮೀಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಬಿಚ್ಚಿ ಸರಿಮಾಡಿ. ಈ ಎರಡು ಅಳತೆಯನ್ನು ಪೆನ್ನಿನಲ್ಲಿ ಚೌಕಟ್ಟಿನ ಮೇಲೆಯೇ ಬರೆದಿಡಿ, ಮುಂದೆ ಬೇಕಾಗುತ್ತದೆ.

ಎಲ್ಲಾ ತೂತು ಕೊರೆದ ಮೇಲೆ ಒಮ್ಮೆ ಪೂರ್ತಿ ಬಿಚ್ಚಿ. ಕತ್ತರಿಸಿದ ಅಂಚುಗಳಿಗೆ ಮತ್ತು ತೂತುಗಳ ಒಳಗೆ ಪಿಯು ವಾರ್ನಿಶ್ ಎರಡು-ಮೂರು ಸಲ ಹಚ್ಚಿ. ನೀರಿನ ಪಸೆ ಒಳಗೆ ಹೋಗುವುದು ಹಲಗೆಯ ಮುಖಕ್ಕಿಂತ ಅಂಚಿನಿಂದಲೇ ಹೆಚ್ಚು. ಈ ಕೆಲಸ ಫೆಬ್ರವರಿ, ಮಾರ್ಚಿನ ಒಣ ಹವೆಯಲ್ಲಿ ಆಗಿಬಿಟ್ಟರೆ ಒಳ್ಳೆಯದು. ಮಳೆಗಾಲದಲ್ಲಿ ಹಚ್ಚಿದರೆ ತೇವವನ್ನು ಒಳಗೇ ಬೀಗ ಹಾಕಿದಂತೆ.

ಹಂತ 4: ರೈಲು ಮತ್ತು ಸ್ಕ್ರೂ

ಮೊದಲು ಒಂದು ರೈಲನ್ನು ಪೂರ್ತಿ ಬಿಗಿಯಿರಿ. ಎರಡನೆಯದರ ಸ್ಕ್ರೂ ಸಡಿಲ ಇರಲಿ. ಗಾಡಿಯನ್ನು ಈ ತುದಿಯಿಂದ ಆ ತುದಿಗೆ ಹತ್ತಾರು ಸಲ ಓಡಿಸಿ. ಎರಡನೇ ರೈಲು ತಾನಾಗಿಯೇ ಸಮಾನಾಂತರಕ್ಕೆ ಬರುತ್ತದೆ. ಗಾಡಿ ಯಾವ ತುದಿಯಲ್ಲಿದೆಯೋ ಆ ತುದಿಯ ಸ್ಕ್ರೂ ಮಾತ್ರ ಬಿಗಿಯುತ್ತಾ ಬನ್ನಿ.

ಲೀಡ್ ಸ್ಕ್ರೂಗೂ ಇದೇ ಉಪಾಯ. ನಟ್‌ನ ನಾಲ್ಕು ಸಣ್ಣ ಸ್ಕ್ರೂ ಸಡಿಲ ಬಿಡಿ, ಗಾಡಿಯನ್ನು ಮೋಟರ್ ಹತ್ತಿರ ತಂದು ಅಲ್ಲಿ ಬಿಗಿಯಿರಿ. ಈಗ ಕಪ್ಲರ್ ಹಿಡಿದು ಕೈಯಲ್ಲೇ ತಿರುಗಿಸಿ ಆಚೆ ತುದಿಯವರೆಗೆ ಹೋಗಿ. ಎಲ್ಲಾ ಕಡೆ ಒಂದೇ ಹಗುರ ಇರಬೇಕು. ಒಂದು ಜಾಗದಲ್ಲಿ ಬೆರಳಿಗೆ ಬಿಗಿ ಸಿಕ್ಕಿದರೆ, ಮುಂದೆ ಮೋಟರ್ ಹೆಜ್ಜೆ ತಪ್ಪುವುದೂ ಅದೇ ಜಾಗದಲ್ಲಿ. ಇದನ್ನು ಈಗಲೇ ಸರಿಮಾಡಿ, ಸಾಫ್ಟ್‌ವೇರ್‌ನಲ್ಲಿ ಸರಿಯಾಗುವ ವಿಷಯ ಅಲ್ಲ.

ಸ್ಪ್ರಿಂಗ್ ಇರುವ ಆಂಟಿ-ಬ್ಯಾಕ್‌ಲ್ಯಾಶ್ ನಟ್ ಹಾಕಿ. ಬ್ಯಾಕ್‌ಲ್ಯಾಶ್ ಅಂದರೆ ದಿಕ್ಕು ಬದಲಾಗುವಾಗ ನಟ್ಟು ಮತ್ತು ಸ್ಕ್ರೂ ನಡುವಿನ ಸಡಿಲ. ಅದು ಇದ್ದರೆ ನೀವು ಕೆತ್ತಿದ ಸೊನ್ನೆ ಮೊಟ್ಟೆಯಂತೆ ಕಾಣುತ್ತದೆ.

ಹಂತ 5: ವೈರಿಂಗ್

ಸ್ಟೆಪ್ಪರ್ ಮೋಟರ್‌ನಲ್ಲಿ ನಾಲ್ಕು ವೈರು, ಎರಡು ಸುರುಳಿ. ಯಾವುದು ಯಾವುದಕ್ಕೆ ಜೊತೆ ಅಂತ ಬಣ್ಣ ನೋಡಿ ನಂಬಬೇಡಿ. ಎರಡು ವೈರಿನ ತುದಿ ಒಂದಕ್ಕೊಂದು ಮುಟ್ಟಿಸಿ, ಮೋಟರ್ ದಂಡವನ್ನು ಬೆರಳಲ್ಲಿ ತಿರುಗಿಸಿ. ಸುಲಭವಾಗಿ ತಿರುಗಿದರೆ ಅವು ಜೊತೆ ಅಲ್ಲ. ಕಟಕಟ ಅಂತ ತಡೆದು ತಡೆದು ತಿರುಗಿದರೆ ಒಂದೇ ಸುರುಳಿಯವು. ಜೊತೆ ತಪ್ಪಿದರೆ ಮೋಟರ್ ತಿರುಗದೆ ನಿಂತಲ್ಲೇ ನಡುಗುತ್ತದೆ.

ಡ್ರೈವರ್ ಕೂರಿಸುವಾಗ ಅದರ ಮೇಲಿನ ಇಎನ್ (EN) ಅಂತ ಬರೆದ ಪಿನ್ ಮತ್ತು ಶೀಲ್ಡ್ ಮೇಲಿನ ಇಎನ್ ಗುರುತು ಒಂದೇ ಕಡೆ ಇರಬೇಕು. ಡ್ರೈವರ್ ಮೇಲೆ ಕರೆಂಟ್ ಹೊಂದಿಸುವ ಸಣ್ಣ ತಿರುಪು ಯಾವ ಕಡೆ ಇದೆ ಅಂತ ನೋಡಿ ಕೂರಿಸಬೇಡಿ. ಎ4988 ಮತ್ತು ಅದರ ಬದಲು ಕೆಲವರು ಹಾಕುವ ಡಿಆರ್‌ವಿ8825, ಇವೆರಡರಲ್ಲಿ ತಿರುಪು ಒಂದಕ್ಕೊಂದು ಎದುರು ತುದಿಯಲ್ಲಿರುತ್ತದೆ. ಉಲ್ಟಾ ಕೂರಿಸಿ ಕರೆಂಟ್ ಕೊಟ್ಟರೆ ಡ್ರೈವರ್ ಹೋಯಿತು ಅಂತಲೇ ಲೆಕ್ಕ. ಡ್ರೈವರ್ ಕೂರಿಸುವ ಮೊದಲು ಅದರ ಕೆಳಗಿನ ಮೂರೂ ಜಂಪರ್, ಅಂದರೆ ಎರಡು ಪಿನ್ ಸೇರಿಸುವ ಸಣ್ಣ ಟೋಪಿ, ಹಾಕಿ. ಎ4988ನಲ್ಲಿ ಆಗ ಒಂದು ಹೆಜ್ಜೆ 16 ಸಣ್ಣ ಹೆಜ್ಜೆಗಳಾಗುತ್ತದೆ.

ಈಗ ಕರೆಂಟ್ ಮಿತಿ. 24 ವೋಲ್ಟ್ ಕೊಡದೆ ಯುಎಸ್‌ಬಿ ಮಾತ್ರ ಹಾಕಿ. ಮಲ್ಟಿಮೀಟರ್‌ನ ಒಂದು ಕಡ್ಡಿ ಗ್ರೌಂಡಿಗೆ, ಇನ್ನೊಂದು ತಿರುಪಿನ ಲೋಹಕ್ಕೆ. ತಿರುಪು ತಿರುಗಿಸಿದರೆ ವೋಲ್ಟೇಜ್ ಬದಲಾಗುತ್ತದೆ. ಡ್ರೈವರ್ ಮೇಲೆ ಕರಿ ಬಣ್ಣದ ಸಣ್ಣ ರೆಸಿಸ್ಟರ್ ಇದೆ, ಅದರ ಮೇಲೆ ಆರ್100 ಅಂತಿದ್ದರೆ 0.8 ವೋಲ್ಟ್‌ಗೆ 1 ಆಂಪಿಯರ್. ಆರ್050 ಅಂತಿದ್ದರೆ 0.4 ವೋಲ್ಟ್‌ಗೇ 1 ಆಂಪಿಯರ್. ಇದನ್ನು ಓದದೆ ಇನ್ಯಾರೋ ಹೇಳಿದ ವೋಲ್ಟೇಜ್ ಇಟ್ಟರೆ ಎರಡು ಪಟ್ಟು ಕರೆಂಟ್ ಹರಿಯಬಹುದು. 1 ಆಂಪಿಯರ್‌ನಿಂದ ಶುರುಮಾಡಿ, ಹೀಟ್‌ಸಿಂಕ್ ಅಂಟಿಸಿ, ಮೇಲೆ ಒಂದು ಸಣ್ಣ ಫ್ಯಾನ್ ಇಡಿ.

ಕರೆಂಟ್ ಇರುವಾಗ ಮೋಟರ್ ವೈರು ಯಾವತ್ತೂ ಕೀಳಬೇಡಿ. ಡ್ರೈವರ್ ಸುಡುವ ದೊಡ್ಡ ಕಾರಣ ಇದೇ.

ಎಮರ್ಜೆನ್ಸಿ ಬಟನ್ ಒತ್ತಿದರೆ ಸ್ಪಿಂಡಲ್ಲೂ ಮೋಟರ್‌ಗಳೂ ಒಟ್ಟಿಗೆ ನಿಲ್ಲುವಂತೆ ಎಸ್‌ಎಂಪಿಎಸ್‌ಗಳಿಗೆ ಬರುವ ಲೈನಿನಲ್ಲೇ ಹಾಕಿ. ಈ ಲೈನು 230 ವೋಲ್ಟ್‌ನದು. ಆ ಭಾಗವನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ, ಅರ್ಥಿಂಗ್ ಸರಿ ಇದೆಯಾ ಅಂತಲೂ ನೋಡಿಸಿ.

ಹಂತ 6: ಲಿಮಿಟ್ ಸ್ವಿಚ್ ಬಿಡಬೇಡಿ

ಲಿಮಿಟ್ ಸ್ವಿಚ್ ಅಂದರೆ ಗಾಡಿ ತುದಿ ಮುಟ್ಟಿದಾಗ ಒತ್ತಿಕೊಳ್ಳುವ ಸಣ್ಣ ಸ್ವಿಚ್. ಖರ್ಚು ಉಳಿಸಲು ಇದನ್ನು ಬಿಡುವವರು ಜಾಸ್ತಿ. ನಮ್ಮ ಊರುಗಳಲ್ಲಿ ಬಿಡುವ ಹಾಗಿಲ್ಲ. ಗಾಳಿ ಮಳೆಗೆ ಕೊಂಬೆ ಬಿದ್ದು ಕರೆಂಟ್ ಹೋಗುವುದು ಗೊತ್ತಲ್ಲ. ಈ ಮೆಷಿನ್‌ಗೆ ತಾನು ಎಲ್ಲಿದ್ದೇನೆ ಅನ್ನುವುದು ಕರೆಂಟ್ ಹೋದ ಕೂಡಲೇ ಮರೆತುಹೋಗುತ್ತದೆ. ಸ್ವಿಚ್ ಇದ್ದರೆ ಕರೆಂಟ್ ಬಂದ ಮೇಲೆ ಹೋಮ್ ಬಟನ್ ಒತ್ತಿ. ಗಾಡಿ ಮೂಲೆಗೆ ಹೋಗಿ ಸ್ವಿಚ್ ಮುಟ್ಟಿ ಜಾಗ ಗುರುತಿಸಿಕೊಳ್ಳುತ್ತದೆ. ನೀವು ಹಲಗೆಯ ಮೇಲೆ ಇಟ್ಟ ಸೊನ್ನೆ ಬಿಂದು ಬೋರ್ಡಿನ ಮೆಮೊರಿಯಲ್ಲಿ ಉಳಿದಿರುತ್ತದೆ. ಹಲಗೆಯನ್ನು ಅಲುಗಿಸದಿದ್ದರೆ ಅದೇ ಕೆಲಸ ಅದೇ ಗೆರೆಯ ಮೇಲೆ ಮುಂದುವರಿಸಬಹುದು.

ಇಲ್ಲೊಂದು ಹೊಂಡ ಇದೆ, ಹೊಸಬರೆಲ್ಲ ಬೀಳುವಂಥದ್ದು. ಸಿಎನ್‌ಸಿ ಶೀಲ್ಡ್ ವಿ3 ಹಳೆಯ ಜಿಆರ್‌ಬಿಎಲ್‌ಗೆ (ಆರ್ಡುಯಿನೊದೊಳಗೆ ಹಾಕುವ ಪ್ರೋಗ್ರಾಂ, ಹಂತ 7ರಲ್ಲಿ ಬರುತ್ತದೆ) ಮಾಡಿದ್ದು. ಹೊಸ ಜಿಆರ್‌ಬಿಎಲ್ 1.1ರಲ್ಲಿ ಝಡ್ ಲಿಮಿಟ್ 12ನೇ ಪಿನ್‌ಗೆ, ಸ್ಪಿಂಡಲ್ 11ನೇ ಪಿನ್‌ಗೆ ಬದಲಾಗಿವೆ. ಶೀಲ್ಡ್ ಮೇಲೆ ಅಚ್ಚಾದ ಹೆಸರು ಮಾತ್ರ ಹಳೆಯದೇ. ಆದ್ದರಿಂದ ಝಡ್ ಸ್ವಿಚ್ಚನ್ನು ಶೀಲ್ಡ್‌ನಲ್ಲಿ ಸ್ಪಿಂಡಲ್ ಎನೇಬಲ್ ಅಂತ ಬರೆದಿರುವ ಕಡೆ ಹಾಕಿ.

ಸ್ವಿಚ್‌ನಲ್ಲಿ ಎನ್‌ಸಿ ಕಾಲು, ಅಂದರೆ ಒತ್ತದಿದ್ದಾಗ ಕರೆಂಟ್ ಹರಿಯುವ ಕಾಲು, ಬಳಸಿ. ವೈರು ತುಂಡಾದರೂ ಮೆಷಿನ್ ನಿಲ್ಲುತ್ತದೆ, ಸ್ಪಿಂಡಲ್‌ನ ವಿದ್ಯುತ್ ಗದ್ದಲಕ್ಕೆ ಸುಳ್ಳು ಅಲಾರಂ ಬರುವುದೂ ಕಡಿಮೆ. ಸ್ವಿಚ್ ವೈರು ಮತ್ತು ಸ್ಪಿಂಡಲ್ ವೈರು ಒಟ್ಟಿಗೆ ಕಟ್ಟಬೇಡಿ.

ಹಂತ 7: ಜಿಆರ್‌ಬಿಎಲ್ ಹಾಕಿ, ಲೆಕ್ಕ ಕೊಡಿ

ಕಂಪ್ಯೂಟರ್ ಕಳಿಸುವ ಜಿ-ಕೋಡ್, ಅಂದರೆ "ಇಲ್ಲಿಂದ ಇಲ್ಲಿಗೆ ಇಷ್ಟು ವೇಗದಲ್ಲಿ ಹೋಗು" ಅನ್ನುವ ಸಾಲುಗಳನ್ನು ಓದಿ ಮೋಟರ್ ತಿರುಗಿಸುವ ಉಚಿತ ಪ್ರೋಗ್ರಾಂ ಜಿಆರ್‌ಬಿಎಲ್. ಅದನ್ನು ಡೌನ್‌ಲೋಡ್ ಮಾಡಿದರೆ ಫೋಲ್ಡರ್ ಒಳಗೆ ಇನ್ನೊಂದು ಜಿಆರ್‌ಬಿಎಲ್ ಫೋಲ್ಡರ್ ಇರುತ್ತದೆ. ಆರ್ಡುಯಿನೊ ಸಾಫ್ಟ್‌ವೇರ್‌ಗೆ ಲೈಬ್ರರಿಯಾಗಿ ಸೇರಿಸಬೇಕಾದ್ದು ಒಳಗಿನದನ್ನು ಮಾತ್ರ. ನಿಮ್ಮದು ಅಗ್ಗದ ಉನೊ ಆಗಿದ್ದು ಕಂಪ್ಯೂಟರ್ ಗುರುತಿಸದಿದ್ದರೆ ಕಂಪ್ಯೂಟರ್‌ನಲ್ಲಿ ಸಿಎಚ್340 ಅನ್ನುವ ಯುಎಸ್‌ಬಿ ಡ್ರೈವರ್ ಸಾಫ್ಟ್‌ವೇರ್ ಹಾಕಿ ನೋಡಿ. ಮೆಷಿನ್ ಓಡಿಸಲು ಯುನಿವರ್ಸಲ್ ಜಿ-ಕೋಡ್ ಸೆಂಡರ್ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು, ಅದರಲ್ಲಿ ಬಾಡ್ ರೇಟ್, ಅಂದರೆ ಕಂಪ್ಯೂಟರ್ ಬೋರ್ಡಿನ ಜೊತೆ ಮಾತಾಡುವ ವೇಗ, 115200 ಇಡಿ.

ಆಮೇಲೆ ಒಂದು ಮಿಮೀಗೆ ಎಷ್ಟು ಹೆಜ್ಜೆ ಅನ್ನುವ ಲೆಕ್ಕ. 200 ಹೆಜ್ಜೆ × 16 = 3200. ಟಿ8 ಸ್ಕ್ರೂ ಒಂದು ಸುತ್ತಿಗೆ 8 ಮಿಮೀ ಮುಂದೆ ಹೋಗುತ್ತದೆ. 3200 ÷ 8 = 400. ಇದನ್ನು ಜಿಆರ್‌ಬಿಎಲ್‌ನ ಸೆಟ್ಟಿಂಗ್‌ಗಳಾದ $100 (ಎಕ್ಸ್), $101 (ವೈ), $102 (ಝಡ್) ಮೂರಕ್ಕೂ ಕೊಡಿ.

ಆದರೆ ಟಿ8 ಹೆಸರಲ್ಲೇ ಸುತ್ತಿಗೆ 2 ಮಿಮೀ ಮಾತ್ರ ಹೋಗುವ ಸ್ಕ್ರೂ ಕೂಡ ಮಾರುತ್ತಾರೆ. 100 ಮಿಮೀ ಓಡಿಸಿದಾಗ 25 ಮಿಮೀ ಮಾತ್ರ ಹೋದರೆ ನಿಮ್ಮದು ಅದು, 1600 ಕೊಡಿ. 100ಕ್ಕೆ 99.5 ಬಂದರೆ 400 × 100 ÷ 99.5 = 402 ಅಂತ ತಿದ್ದಿ. 95, 96 ಅಂತ ಬಂದರೆ ಮಾತ್ರ ತಿದ್ದಬೇಡಿ. ಅದು ಲೆಕ್ಕದ ತಪ್ಪಲ್ಲ, ಕಪ್ಲರ್ ಜಾರುತ್ತಿದೆ ಅಥವಾ ಮೋಟರ್ ಹೆಜ್ಜೆ ತಪ್ಪುತ್ತಿದೆ.

ಉಳಿದವು: ವೇಗದ ಮಿತಿ $110, $111ಕ್ಕೆ 1000, $112ಕ್ಕೆ 500. ವೇಗ ಏರುವ ದರ $120ರಿಂದ $122ರವರೆಗೆ 50. ಎನ್‌ಸಿ ಸ್ವಿಚ್‌ಗೆ $5=1. ಹೋಮಿಂಗ್‌ಗೆ $22=1. ಗಾಡಿ ಓಡಬಲ್ಲ ಉದ್ದವನ್ನು $130ರಿಂದ $132ರಲ್ಲಿ ಕೊಟ್ಟು, ಆಮೇಲೆ ಗಾಡಿ ಮಿತಿ ದಾಟದಂತೆ $20=1, $21=1 ಮಾಡಿ. ಮೋಟರ್ ಉಲ್ಟಾ ತಿರುಗಿದರೆ ವೈರು ಬದಲಾಯಿಸುವ ಬದಲು $3 ಬದಲಾಯಿಸಿ. ಮೊದಲ ಸಲ ಹೋಮಿಂಗ್ ಮಾಡುವಾಗ ಕೈ ಎಮರ್ಜೆನ್ಸಿ ಬಟನ್ ಮೇಲಿರಲಿ.

ಹಂತ 8: ಮೊದಲು ಪೆನ್ನು

ಸ್ಪಿಂಡಲ್ ಜಾಗದಲ್ಲಿ ಸ್ಕೆಚ್ ಪೆನ್ ಕಟ್ಟಿ ಕಾಗದದ ಮೇಲೆ 100 ಮಿಮೀ ಚೌಕ, ಒಳಗೊಂದು ವೃತ್ತ ಬರೆಸಿ. ಅದೇ ಫೈಲ್ ಮೂರು ಸಲ ಓಡಿಸಿ. ಮೂರೂ ಗೆರೆ ಒಂದರ ಮೇಲೊಂದು ಕೂತರೆ ಮುಂದಿನ ಹಂತ. ಗೆರೆ ಮೆಲ್ಲಗೆ ಒಂದೇ ದಿಕ್ಕಿಗೆ ಸರಿಯುತ್ತಿದ್ದರೆ ಹಂತ 4ಕ್ಕೆ ವಾಪಸ್ ಹೋಗಿ.

ಹಂತ 9: ಕನ್ನಡ ಅಕ್ಷರ ಕೆತ್ತುವುದು

ಇಂಗ್ಲಿಷ್ ಅಕ್ಷರಕ್ಕೆ ಹೇಳಿಕೊಡುವ ವಿಡಿಯೋ ಬೇಕಾದಷ್ಟಿವೆ. ಕನ್ನಡಕ್ಕೆ ತೊಂದರೆಗಳೇ ಬೇರೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇಂಕ್‌ಸ್ಕೇಪ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಯುನಿಕೋಡ್ ಫಾಂಟಿನಲ್ಲಿ ಹೆಸರು ಟೈಪ್ ಮಾಡಿ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ 2 ಎರಡೂ ದುಂಡಗೆ ಚೆನ್ನಾಗಿ ಬರುತ್ತವೆ. ಟೈಪ್ ಮಾಡಿದ್ದನ್ನು ಮೊದಲು ಪಾತ್ ಆಗಿ ಬದಲಾಯಿಸಿ, ಅಂದರೆ ಅಕ್ಷರ ಹೋಗಿ ಬರೀ ಗೆರೆ ಆಗಬೇಕು. ಹಾಗೇ ಬಿಟ್ಟರೆ ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆದಾಗ ಒತ್ತಕ್ಷರ ಒಡೆದುಹೋಗುತ್ತದೆ.

ಗೆರೆ ಆದ ಮೇಲೆ ಹತ್ತಿರ ಹೋಗಿ ನೋಡಿ. "ಶ್ರೀ" ಬರೆದರೆ ಶ, ದೀರ್ಘ, ರ ಒತ್ತು ಬೇರೆ ಬೇರೆ ತುಂಡಾಗಿ ಒಂದರ ಮೇಲೊಂದು ಹತ್ತಿ ಕೂತಿರಬಹುದು. ಹೀಗೇ ಕೆತ್ತಿದರೆ ಅಕ್ಷರದ ಹೊಟ್ಟೆಯೊಳಗೆ ಬೇಡದ ಗೆರೆ ಬೀಳುತ್ತದೆ. ಎಲ್ಲವನ್ನೂ ಆರಿಸಿ ಯೂನಿಯನ್ ಕೊಡಿ, ಒಂದೇ ಹೊರಗೆರೆ ಆಗುತ್ತದೆ.

ಇನ್ನು ಬಿಟ್. 3 ಮಿಮೀ ಬಿಟ್ ಒತ್ತಕ್ಷರದ ಸಣ್ಣ ತಿರುವಿನೊಳಗೆ ಹೋಗುವುದಿಲ್ಲ. ಅಕ್ಷರದ ಎತ್ತರ 40 ಮಿಮೀಗಿಂತ ಕಡಿಮೆ ಇದ್ದರೆ ತುದಿ ಚೂಪಾದ 60 ಡಿಗ್ರಿ ವಿ-ಬಿಟ್ ಹಾಕಿ. 2 ಮಿಮೀ ಆಳಕ್ಕೆ ಹೋದರೆ ಸುಮಾರು 2.3 ಮಿಮೀ ಅಗಲದ ಗೆರೆ ಬರುತ್ತದೆ, ಕಡಿಮೆ ಆಳಕ್ಕೆ ಸಣ್ಣ ಗೆರೆ. ಗೆರೆಯಿಂದ ಜಿ-ಕೋಡ್ ಮಾಡಲು ಫ್ರೀಕ್ಯಾಡ್ ಸಾಕು.

ಕಲಿಯುವಾಗ ಬೀಟೆ, ತೇಗ ಹಾಳು ಮಾಡಬೇಡಿ. ಕಾಫಿಗೆ ನೆರಳು ಕೊಡುವ, ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಹಲಗೆ ಸಾಮಿಲ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಒಣಗಿದ್ದನ್ನೇ ಕೇಳಿ. ಹಸಿ ಮರದಲ್ಲಿ ಅಕ್ಷರದ ಅಂಚು ನಾರುನಾರಾಗುತ್ತದೆ, ಬೋರ್ಡು ಗೋಡೆಗೆ ಹಾಕಿದ ಮೇಲೆ ಸೊಟ್ಟಗಾಗುತ್ತದೆ.

ಮೊದಲು ಬಿಟ್ಟನ್ನು ಹಲಗೆಗಿಂತ 10 ಮಿಮೀ ಮೇಲಿಟ್ಟು ಗಾಳಿಯಲ್ಲೇ ಪೂರ್ತಿ ಫೈಲ್ ಓಡಿಸಿ ನೋಡಿ. ಹಲಗೆಯನ್ನು ನಾಲ್ಕೂ ಕಡೆ ಕ್ಲ್ಯಾಂಪ್ ಮಾಡಿ. ಸ್ಪಿಂಡಲ್ ಸುಮಾರು 10,000 ಸುತ್ತು, ಎರಡು ಅಲಗಿನ ಬಿಟ್, ನಿಮಿಷಕ್ಕೆ 600 ಮಿಮೀ ವೇಗ, ಒಂದು ಸಲಕ್ಕೆ ಅರ್ಧ ಮಿಮೀ ಆಳ. ಆಗ ಒಂದೊಂದು ಅಲಗು 0.03 ಮಿಮೀ ಕಚ್ಚುತ್ತದೆ. ಬರುವ ಹುಡಿಯನ್ನು ಬೆರಳಲ್ಲಿ ಹಿಸುಕಿ ನೋಡಿ. ಸಣ್ಣ ಚೂರು ಸಿಕ್ಕಿದರೆ ಸರಿ. ಗೋಧಿ ಹಿಟ್ಟಿನಂತಿದ್ದು ಸುಟ್ಟ ವಾಸನೆ ಬಂದರೆ ಬಿಟ್ ಕಚ್ಚುತ್ತಿಲ್ಲ, ಬರೀ ಉಜ್ಜುತ್ತಿದೆ. ವೇಗ ಹೆಚ್ಚಿಸಿ ಅಥವಾ ಬಿಟ್ ಬದಲಾಯಿಸಿ. ಹುಡಿ ಮುಟ್ಟುವುದು ಸ್ಪಿಂಡಲ್ ನಿಂತ ಮೇಲೆ ಮಾತ್ರ.

ಕನ್ನಡಕ, ಮಾಸ್ಕ್ ಹಾಕದೆ ಶುರುಮಾಡಬೇಡಿ. ಕೈಗವಸು ಮಾತ್ರ ಹಾಕಬೇಡಿ, ತಿರುಗುವ ಬಿಟ್ ಬಟ್ಟೆಯನ್ನು ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಮೆಷಿನ್ ಓಡುವಾಗ ಕಾಫಿ ಕುಡಿದು ಬರೋಣ ಅಂತ ಎದ್ದು ಹೋಗಬೇಡಿ.

ಹಂತ 10: ಮಳೆಗಾಲಕ್ಕೆ ತಯಾರಿ

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಎಲೆಕ್ಟ್ರಾನಿಕ್ಸ್‌ಗೆ ತುಂಬಾ ಅಪಾಯ. ದೂರದಲ್ಲಿ ಗುಡುಗು ಕೇಳಿದರೆ ಕೆಲಸ ನಿಲ್ಲಿಸಿ, ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಿ. ಲ್ಯಾಪ್‌ಟಾಪಿನಿಂದ ಯುಎಸ್‌ಬಿ ವೈರನ್ನೂ ತೆಗೆಯಿರಿ.

ಜೂನ್‌ಗೆ ಮೊದಲು ರಾಡು, ಸ್ಕ್ರೂಗಳನ್ನು ಒರೆಸಿ ತೆಳ್ಳಗೆ ಮೆಷಿನ್ ಎಣ್ಣೆ ಹಚ್ಚಿ. ಅಡುಗೆ ಎಣ್ಣೆ ಹಚ್ಚಬೇಡಿ, ಅಂಟಾಗಿ ಹುಡಿ ಹಿಡಿಯುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಗಾಡಿಗಳನ್ನು ಪೂರ್ತಿ ಉದ್ದಕ್ಕೆ ಓಡಿಸಿ. ಪ್ಲಾಸ್ಟಿಕ್ ಶೀಟ್ ಮುಚ್ಚಿದರೆ ಒಳಗೇ ನೀರು ಬೆವರುತ್ತದೆ, ಹಳೆ ಹತ್ತಿ ಪಂಚೆ ಹೊದಿಸಿ. ಕಾಂಕ್ರೀಟ್ ನೆಲದ ಮೇಲೆ ನೇರವಾಗಿ ಇಡಬೇಡಿ, ಗೋಡೆಗೂ ಒತ್ತಿಸಬೇಡಿ. ಆರ್ಡುಯಿನೊ ಬೋರ್ಡನ್ನು ಗಾಳಿಯಾಡುವ ಡಬ್ಬಿಯಲ್ಲಿಟ್ಟು, ಬಳಸದ ದಿನಗಳಲ್ಲಿ ಡಬ್ಬಿ ಮುಚ್ಚಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಪೊಟ್ಟಣವನ್ನು ಆಗಾಗ ಬದಲಾಯಿಸಿ.

ಅಕ್ಟೋಬರ್‌ನಲ್ಲಿ ಮಳೆ ಬಿಟ್ಟ ಮೇಲೆ ದೊಡ್ಡ ಕೆಲಸ ಹಿಡಿಯುವ ಮೊದಲು ಟೇಪು ತೆಗೆದುಕೊಂಡು ಎರಡೂ ಓರೆ ಅಳತೆ ಮತ್ತೆ ನೋಡಿ. ಚೌಕಟ್ಟಿನ ಮೇಲೆ ಬರೆದಿಟ್ಟ ಅಂಕಿಗೆ ಹೋಲಿಸಿ. ಎರಡೂ ಮೊದಲಿನಂತೆಯೇ ಇದ್ದರೆ ಬೋಲ್ಟುಗಳನ್ನೊಮ್ಮೆ ಬಿಗಿದು ಕೆಲಸ ಶುರುಮಾಡಿ. ಒಂದು ಹೆಚ್ಚಾಗಿ ಇನ್ನೊಂದು ಕಡಿಮೆಯಾಗಿದ್ದರೆ ಕಮಾನಿನ ಬೋಲ್ಟು ಸಡಿಲಿಸಿ, ಮೂಲೆಮಟ್ಟ ಹಿಡಿದು ಹಂತ 3ರಂತೆ ಮತ್ತೆ ಕೂರಿಸಿ.